ಮಚ್ಚಿನ ಬಾಯಿಗೊಂದು ಜಿಗ್

ಕಬ್ಬು ಕಡಿದ ಗದ್ದೆಯ ಬುಡಗಳನ್ನು ನೋಡಿದರೆ ಕಡಿದ ಮಚ್ಚು ಎಂಥದ್ದೆಂದು ಹೇಳಬಹುದು. ಬಾಯಿ ಸರಿಯಿದ್ದರೆ ನೆಲಮಟ್ಟಕ್ಕೆ ಒಂದೇ ಏಟು, ಬುಡ ನುಣ್ಣಗೆ. ಮೊಂಡಾಗಿದ್ದರೆ ಬುಡ ಜಜ್ಜಿ ಸೀಳುತ್ತದೆ, ಸೀಳಿಗೆ ಕೊಳೆ ಹತ್ತಿ ಕೂಳೆ ಬೆಳೆ ಸೊರಗುತ್ತದೆ. ಸಕ್ಕರೆ ಹೆಚ್ಚಿರುವುದೂ ಬುಡದ ಗಿಣ್ಣುಗಳಲ್ಲೇ. ನಾಲ್ಕು ಬೆರಳು ಮೇಲೆ ಕಡಿದರೆ ತೂಕವೂ ಹೋಯಿತು, ಸಿಹಿಯೂ ಹೋಯಿತು. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು, ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಕಡೆ ಕಬ್ಬಿನ ಬೆಲೆ, ಬಾಕಿ, ಕಾರ್ಖಾನೆಗಳ ಬಗ್ಗೆ ದಶಕಗಟ್ಟಲೆ ಮಾತಾಗಿದೆ. ಕಡಿಯುವ ಮಚ್ಚಿನ ಬಗ್ಗೆ ಯಾರೂ ಅಷ್ಟಾಗಿ ಮಾತಾಡಿದಂತಿಲ್ಲ.

ಮಚ್ಚಿನ ಜೀವ ಇರುವುದು ಬೆನ್ನಿನಿಂದ ಬಾಯಿಯ ಕಡೆಗೆ ತೆಳುವಾಗುತ್ತ ಬರುವ ಇಳಿಜಾರಿನಲ್ಲಿ. ವರ್ಕ್‌ಶಾಪಿನವರು ಅದನ್ನು ಬೆವೆಲ್ ಅನ್ನುತ್ತಾರೆ. ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರು ಕೆತ್ತುವ ಮಚ್ಚಿಗೆ ಉದ್ದನೆಯ, ತೆಳು ಇಳಿಜಾರು ಬೇಕು. ಕಬ್ಬಿನ ಬುಡಕ್ಕೆ ಬೀಳುವ ಮಚ್ಚು ಮಣ್ಣು, ಕಲ್ಲು ಎಲ್ಲಕ್ಕೂ ತಾಗುವುದರಿಂದ ಅದಕ್ಕೆ ಗಿಡ್ಡ, ಗಟ್ಟಿ ಇಳಿಜಾರು. ಹಿಂದೆ ಆಚಾರ್ರು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದೇ ಈ ಇಳಿಜಾರು ತೆಗೆಯುತ್ತಿದ್ದರು. ಅರ ಹಾಕುತ್ತಿದ್ದುದು ಕೊನೆಗೆ. ಈಗ ಬಹಳ ಕಡೆ ಆ ಕೆಲಸ ಆಂಗಲ್ ಗ್ರೈಂಡರಿಗೆ ಹೋಗಿದೆ. ಬರಿಗೈಯಲ್ಲಿ ಹಿಡಿದ ಗ್ರೈಂಡರ್ ಒಂದು ಕಡೆ ಹೆಚ್ಚು ತಿನ್ನುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಬಾಯಿ ಅಲೆಅಲೆಯಾಗಿ, ಒಂದು ಮಗ್ಗುಲಿಗೆ ವಾಲಿಕೊಂಡು ನಿಲ್ಲುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಜಿಗ್. ಕೋನವನ್ನು ಕೈಯ ಅಂದಾಜಿಗೆ ಬಿಡದೆ ಕಬ್ಬಿಣಕ್ಕೆ ವಹಿಸುವ ಒಂದು ಕಟ್ಟು, ಅಷ್ಟೆ. ಅತಿ ಅಗ್ಗದ್ದು ಅರದ ಜಿಗ್. ಎರಡಡಿ ಉದ್ದದ ದಪ್ಪ ಹಲಗೆಯ ಒಂದು ತುದಿಯಲ್ಲಿ ಪಟ್ಟಿಯನ್ನು ಅಡ್ಡಲಾಗಿ ಮಲಗಿಸಿ ಬಿಗಿಯಬೇಕು, ಬಾಯಿ ನಮ್ಮ ಕಡೆಗೆ, ಬೆನ್ನು ಆಚೆಗೆ. ಇನ್ನೊಂದು ತುದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಬೋಲ್ಟಿಗೆ ಮೇಲೆ ಕೆಳಗೆ ಸರಿಯುವ ಒಂದು ಬಳೆ. ಅರಕ್ಕೆ ಉದ್ದನೆಯ ಸರಳು ಬಿಗಿದು, ಸರಳಿನ ತುದಿಯನ್ನು ಆ ಬಳೆಯೊಳಗೆ ತೂರಿಸಿದರೆ ಜಿಗ್ ಸಿದ್ಧ. ಬಳೆ ಮೇಲೇರಿದಷ್ಟೂ ಇಳಿಜಾರು ಕಡಿದಾಗುತ್ತದೆ.

ಲೆಕ್ಕಕ್ಕೆ ಡಿಗ್ರಿ ಬೇಕಿಲ್ಲ. ಪಟ್ಟಿ 5 ಮಿ.ಮೀ. ದಪ್ಪವಿದ್ದರೆ ಒಂದೊಂದು ಮಗ್ಗುಲಲ್ಲಿ ಇಳಿಯಬೇಕಾದ್ದು ಎರಡೂವರೆ. ಕಬ್ಬಿನ ಮಚ್ಚಿಗೆ ಇಳಿಜಾರಿನ ಅಗಲ 15 ಮಿ.ಮೀ. ಸಾಕೆಂದರೆ ಆರಕ್ಕೆ ಒಂದು ಪಾಲು; ಬಳೆ ಒಂದೂವರೆ ಅಡಿ ದೂರದಲ್ಲಿದ್ದರೆ ಪಟ್ಟಿಯ ಮಟ್ಟಕ್ಕಿಂತ ಮೂರು ಇಂಚು ಎತ್ತರಿಸಬೇಕು. ಎಳನೀರಿನ ಮಚ್ಚಿಗೆ ಅಗಲ 40 ಮಿ.ಮೀ. ಬೇಕಾದರೆ ಹದಿನಾರಕ್ಕೆ ಒಂದು. ಒಂದು ಇಂಚಿಗಿಂತ ತುಸು ಮೇಲೆ. ಒಂದು ಮಗ್ಗುಲು ಮುಗಿದ ಮೇಲೆ ಬಳೆ ಮುಟ್ಟದೆ ಪಟ್ಟಿಯನ್ನು ಮಗುಚಿದರೆ ಎರಡೂ ಕಡೆ ಒಂದೇ ಇಳಿಜಾರು.

ಎರಡು ಇಳಿಜಾರುಗಳೂ ಬಂದು ಸೇರಬೇಕಾದ ನಡುಗೆರೆ ಹಾಕುವ ಉಪಾಯ ಇನ್ನೂ ಸೊಗಸು. ಬಾಯಿ ಬರಬೇಕಾದ ಅಂಚಿಗೆ ಮಾರ್ಕರ್ ಬಳಿದು, ಪಟ್ಟಿಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು, ಪಟ್ಟಿಯಷ್ಟೇ ದಪ್ಪದ ಡ್ರಿಲ್ ಬಿಟ್ಟನ್ನು ಪಕ್ಕದಲ್ಲಿ ಮಲಗಿಸಿ ಎಳೆಯಬೇಕು. ಬಿಟ್ಟಿನ ಮೊನೆ ಇರುವುದು ಸರಿಯಾಗಿ ಅದರ ನಡುವಿನಲ್ಲಿ. ಗೀರು ತಾನಾಗಿ ನಟ್ಟನಡುವೆ ಬೀಳುತ್ತದೆ. ಕಾಯಿಸಿ ಅದ್ದಿ ಹದ ಹಾಕುವ ಮುನ್ನ ಈ ಗೆರೆಯ ಬಳಿ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಬೇಕು. ತೀರ ತೆಳುವಾದ ಬಾಯಿ ನೀರಿಗೋ ಎಣ್ಣೆಗೋ ಬಿದ್ದಾಗ ಸೊಟ್ಟಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಹಳೆಯ ಸ್ಪ್ರಿಂಗ್ ಪಟ್ಟಿ ಅರಕ್ಕೆ ಬಗ್ಗುವುದೂ ಇಲ್ಲ. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸಿಕೊಂಡಿರಬೇಕು.

ಬೆಲ್ಟ್ ಗ್ರೈಂಡರ್ ಇದ್ದವರು ಪಟ್ಟಿಯನ್ನು ಆಂಗಲ್ ಕಬ್ಬಿಣದ ತುಂಡಿಗೆ ಬಿಗಿದು, ಹಿಂದಿನ ಸ್ಕ್ರೂನಿಂದ ಓರೆ ಮಾಡಿ, ಬೆಲ್ಟಿನ ಎದುರು ಆಚೀಚೆ ಜಾರಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ಬೇಗ ಕೆಡುತ್ತದೆ ಕೂಡ. ಹದ ಹಾಕಿದ ಬಾಯಿ ಉಜ್ಜುವಾಗ ಹುಲ್ಲಿನ ಹಳದಿಗೆ ತಿರುಗಿತೆಂದರೆ ಶಾಖ ಇನ್ನೂರಿಪ್ಪತ್ತು ಡಿಗ್ರಿ ದಾಟಿದೆ. ನೀಲಿಗೆ ಬಂದರೆ ಮುನ್ನೂರರ ಹತ್ತಿರ, ಅಲ್ಲಿಗೆ ಬಾಯಿ ಮೆತ್ತಗಾಯಿತು. ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು ಮತ್ತೆ ಮತ್ತೆ ಅದ್ದುವುದೊಂದೇ ದಾರಿ.

ಜಿಗ್ಗಿನ ಮಿತಿಯನ್ನೂ ಹೇಳಬೇಕು. ನೆಟ್ಟನೆಯ ಬಾಯಿಗೆ ಅದು ಸೈ. ತುದಿ ಬಾಗಿದ ಕಡೆ ಇಳಿಜಾರು ತಪ್ಪುತ್ತದೆ. ಒಳಕ್ಕೆ ಬಳುಕಿದ ಕುಡ್ಲಿಗಂತೂ ಈ ಜಿಗ್ಗಿನಿಂದ ಏನೂ ಪ್ರಯೋಜನವಿಲ್ಲ, ಅಲ್ಲಿ ಕೈಯೇ ಗತಿ.

ಜಿಗ್ ಹಿಡಿದರೆ ಕೈಕಸುಬಿನ ಮಾನ ಹೋಗುತ್ತದೆಯೆಂದು ಗೊಣಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ ಇಟ್ಟು ಉಕ್ಕು ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಇಲ್ಲಿನವರ ವಿದ್ಯೆ ಬೆಂಕಿಯ ಬಣ್ಣ ಓದುವುದರಲ್ಲಿತ್ತು, ಈಗಲೂ ಅಲ್ಲೇ ಇದೆ. ಕೋನ ಹಿಡಿಯುವ ಚಾಕರಿಯನ್ನು ಜಿಗ್ಗಿಗೆ ಕೊಟ್ಟರೆ ಆಚಾರ್ರ ಗಮನ ಹದಕ್ಕೆ ಉಳಿಯುತ್ತದೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ತಾಲ್ಲೂಕಿನ ಐಟಿಐಗಳ ಫಿಟ್ಟರ್ ವಿಭಾಗದವರು ಮನಸ್ಸು ಮಾಡಿದರೆ ಹಲಗೆ, ಸರಳು, ಬೋಲ್ಟಿನ ಈ ಜಿಗ್ಗನ್ನು ಅಭ್ಯಾಸದ ಪಾಠವಾಗಿಯೇ ಮಾಡಿಸಿ ಹತ್ತಿರದ ಕುಲುಮೆಗಳಿಗೆ ಕೊಡಬಹುದು. ಮುಂದಿನ ಕಟಾವಿಗೆ ಮುಂಚೆ ಯಾರಾದರೂ ಶುರು ಮಾಡಲಿ.