ಕೆಂಪಾಗಿ ಬೆಳಗುವ ಅಂಚು

ಮಿದುಳಿನ ಗೆಡ್ಡೆಯನ್ನು ತೆಗೆಯುವುದೆಂದರೆ ಹಲಸಿನ ತೊಳೆಯಿಂದ ಬೀಜ ಬಿಡಿಸಿದಂತೆ ಎಂದು ನಾನು ಬಹುಕಾಲ ಭಾವಿಸಿದ್ದೆ. ಕನ್ನಡ ಅಧ್ಯಾಪಕರಾದ ನನ್ನ ಹಿರಿಯ ಮಿತ್ರರು ಆ ಶಸ್ತ್ರಕ್ರಿಯೆಗೆ ಒಳಗಾಗುವ ಮುನ್ನಾದಿನ ಅವರ ಶಸ್ತ್ರವೈದ್ಯರು ನನ್ನ ಭ್ರಮೆಯನ್ನು ಕಳೆದರು. ಗ್ಲಯೋಮಾ ಎಂಬ ಈ ಗೆಡ್ಡೆಗೆ ಸಿಪ್ಪೆಯಿಲ್ಲ. ನೀರಿಗೆ ಬಿದ್ದ ಹಾಲಿನಂತೆ ಮಿದುಳಿನಲ್ಲಿ ಹರಡಿಕೊಳ್ಳುತ್ತದೆ. ಅದರ ಅಂಚು ಬರಿಗಣ್ಣಿಗೆ ಕಾಣದು.

ಕಾಣಿಸುವ ಉಪಾಯವೇನೋ ಹಳೆಯದೇ. 1948ರಷ್ಟು ಹಿಂದೆಯೇ ಅಮೆರಿಕದ ಜಾರ್ಜ್ ಮೂರ್ ಫ್ಲೋರೊಸೀನ್ ಎಂಬ ಹಳದಿ ಬಣ್ಣವನ್ನು ರಕ್ತಕ್ಕೆ ಸೇರಿಸಿ ಗೆಡ್ಡೆಗಳನ್ನು ಗುರುತಿಸಿದ್ದರು. ಮಿತ್ರರಿಗೆ ಕೊಡಲಿದ್ದುದು ಅಮಿನೊಲೆವ್ಯುಲಿನಿಕ್ ಆಮ್ಲ. ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಅದು ಬಣ್ಣವಲ್ಲ. ಗೆಡ್ಡೆಯ ಜೀವಕೋಶಗಳೇ ಅದನ್ನು ಬಣ್ಣವಾಗಿಸಿ ಕೂಡಿಟ್ಟುಕೊಳ್ಳುತ್ತವೆ. ನೀಲಿ ಬೆಳಕು ಬಿದ್ದೊಡನೆ ಕೆಂಪಗೆ ಹೊಳೆದು ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಡುತ್ತವೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ಕ್ಯಾನಿಗೆ ಕಾಣುವ ಗೆಡ್ಡೆಯನ್ನೆಲ್ಲ ತೆಗೆಯಲಾದದ್ದು ಈ ಬೆಳಕಿನಲ್ಲಿ ನೂರಕ್ಕೆ 65 ಮಂದಿಗೆ. ಸಾಮಾನ್ಯ ಬೆಳಕಿನಲ್ಲಿ 36 ಮಂದಿಗೆ. ಒಟ್ಟು ಆಯುಷ್ಯ ಮಾತ್ರ ಗಣನೀಯವಾಗಿ ಹೆಚ್ಚಲಿಲ್ಲವೆಂಬುದನ್ನು ಮುಚ್ಚಿಡಬಾರದು.

ಮಿತ್ರರ ಗೆಡ್ಡೆಯಿದ್ದುದು ಮಾತಿನ ಕೇಂದ್ರದ ಮಗ್ಗುಲಲ್ಲಿ. "ಕೆಂಪು ಅಲ್ಲಿಗೂ ಹಬ್ಬಿದ್ದರೆ?" ಎಂದು ಕೇಳಿದೆ.

"ಕೈ ನಿಲ್ಲಿಸುತ್ತೇನೆ. ಗೆಡ್ಡೆ ಎಲ್ಲಿದೆಯೆಂದು ದೀಪ ಹೇಳುತ್ತದೆ, ಅಲ್ಲಿ ಮಾತೂ ಇದೆಯೆಂದು ಹೇಳುವುದಿಲ್ಲ" ಎಂದರು.

ಹಾಗೆಯೇ ಆಯಿತು. ಒಂದಿಷ್ಟು ಕೆಂಪನ್ನು ಉಳಿಸಿಯೇ ಅವರು ಹೊರಬಂದರು. ಆ ಔಷಧ ಕುಡಿದವರ ಚರ್ಮಕ್ಕೆ ಒಂದು ದಿನ ಬಿರುಬೆಳಕು ಆಗದು. ಮಬ್ಬುಗತ್ತಲೆಯ ಕೋಣೆಯಲ್ಲಿ ಮಲಗಿದ್ದ ಮಿತ್ರರು ನನ್ನನ್ನು ಹೆಸರು ಹಿಡಿದು ಕರೆದರು. "ಕಿಟಕಿ ತೆರೆಯಬಾರದಂತೆ. ಪತ್ರಿಕೆಯಲ್ಲಿ ಏನಿದೆ, ನೀವೇ ಓದಿ ಹೇಳಿ" ಎಂದರು.