ಬೀಡಿ ಸೇದದವರಿಗೂ ಬೀಡಿ ಚಟ ಹತ್ತಿಸುವ ಗಾಂಜಾ

ತಳಿ: ಬೀಡಿ, ಸಿಗರೇಟು ಮುಟ್ಟುವುದಿಲ್ಲ, ಯಾವಾಗಲೋ ಒಮ್ಮೆ ಗಾಂಜಾ ಅಷ್ಟೆ ಎನ್ನುವ ಹುಡುಗರು ಒಂದು ಕಡೆ. ಹೇಗೂ ಬೀಡಿ ಸೇದುತ್ತೇವೆ, ಅದರೊಳಗೆ ಒಂದು ಚಿಟಿಕೆ ಸೊಪ್ಪು ಸೇರಿದರೆ ಏನು ಮಹಾ ಎನ್ನುವವರು ಇನ್ನೊಂದು ಕಡೆ. ಗಡಿ ಭಾಗದ ಊರುಗಳಲ್ಲಿ ಈ ಎರಡೂ ಮಾತು ಕೇಳಿಬರುತ್ತವೆ. ಎರಡೂ ತಪ್ಪು ಲೆಕ್ಕಾಚಾರವೇ.

ಭಾರತದಲ್ಲಿ ಗಾಂಜಾ ಸೇದುವವರು ಸಾಮಾನ್ಯವಾಗಿ ಬೀಡಿ ಇಲ್ಲವೇ ಸಿಗರೇಟಿನ ಹೊಗೆಸೊಪ್ಪಿನ ಜೊತೆಗೇ ಅದನ್ನು ಬೆರೆಸುತ್ತಾರೆ. ಹೀಗಾಗಿ ಬೀಡಿ ಮುಟ್ಟದವನೂ ಗೊತ್ತಿಲ್ಲದೆ ಹೊಗೆಸೊಪ್ಪು ಸೇದಿರುತ್ತಾನೆ. ಹೊಗೆಸೊಪ್ಪಿನ ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಮತ್ತೆ ಬೇಕು ಎನಿಸುತ್ತದೆ. ಗಾಂಜಾ ಸಿಗದ ದಿನ ಕೈ ಬೀಡಿ ಕಟ್ಟಿನತ್ತ ಹೋಗುತ್ತದೆ. ಮೊದಲು ಬೀಡಿ, ಆಮೇಲೆ ಗಾಂಜಾ ಎಂಬುದು ಎಲ್ಲರಿಗೂ ತಿಳಿದ ದಾರಿ. ಗಾಂಜಾದಿಂದ ಬೀಡಿಗೆ ಬರುವ ಹಿಮ್ಮುಖ ದಾರಿಯೂ ಇದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ.

ಎರಡೂ ಸೇರಿದರೆ ಏನು?

ಸ್ವಿಟ್ಜರ್ಲೆಂಡ್‌ನಲ್ಲಿ 16ರಿಂದ 20 ವಯಸ್ಸಿನ 5,263 ವಿದ್ಯಾರ್ಥಿಗಳ ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಗಾಂಜಾ ಮಾತ್ರ ಬಳಸುವವರಿಗಿಂತ ಗಾಂಜಾ, ತಂಬಾಕು ಎರಡನ್ನೂ ಬಳಸುವವರಲ್ಲಿ ಕುಡಿದು ಅಮಲೇರಿಸಿಕೊಳ್ಳುವವರು ಹೆಚ್ಚು, 15 ವಯಸ್ಸಿಗೆ ಮೊದಲೇ ಗಾಂಜಾ ಶುರುಮಾಡಿದವರು ಹೆಚ್ಚು, ಪದೇ ಪದೇ ಸೇದುವವರೂ ಹೆಚ್ಚು ಎಂದು ಅದು ಕಂಡುಕೊಂಡಿತು. ಹಾಗಂತ ಗಾಂಜಾ ಮಾತ್ರ ಸೇದುವುದು ಸುರಕ್ಷಿತ ಎಂದು ಅರ್ಥವಲ್ಲ. ಗಾಂಜಾ ಹೊಗೆಯಲ್ಲೂ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇವೆ. ಅದನ್ನು ಆಳವಾಗಿ ಎಳೆದು ಎದೆಯಲ್ಲಿ ಹಿಡಿದಿಡುವುದರಿಂದ ಕೆಮ್ಮು, ಕಫ ಬರುತ್ತದೆ. ಹದಿಹರೆಯದಲ್ಲಿ ಶುರುಮಾಡಿದವರಿಗೆ ಚಟ ಅಂಟುವ ಸಂಭವ ಹೆಚ್ಚು. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಭ್ರಮೆ, ಅನುಮಾನದಂಥ ತೊಂದರೆಗಳ ಅಪಾಯವೂ ಇದೆ.

ಲೆಕ್ಕ ಏನು ಹೇಳುತ್ತದೆ?

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 22.8, ತಮಿಳುನಾಡಿನಲ್ಲಿ ಶೇ. 20 ವಯಸ್ಕರು ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಅವರಲ್ಲಿ ಗಾಂಜಾ, ಚರಸ್ ಬಳಸಿದವರು ಸುಮಾರು 1.3 ಕೋಟಿ.

ಗಡಿ ದಾಟಿದರೆ ಕಾನೂನು ಬೇರೆಯೇ?

ತಂಬಾಕಿನ ಮಟ್ಟಿಗೆ ಹೌದು. ಆನೇಕಲ್ ಕಡೆ, ಅಂದರೆ ಕರ್ನಾಟಕದಲ್ಲಿ, 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ತಳಿ, ಹೊಸೂರು ಕಡೆ ಕೇಂದ್ರದ 2003ರ ಕಾಯ್ದೆಯಂತೆ ಈ ಮಿತಿ 18 ವರ್ಷ.

ಗಾಂಜಾ ವಿಷಯದಲ್ಲಿ ಮಾತ್ರ ಗಡಿಯ ಎರಡೂ ಕಡೆ ಒಂದೇ ಕಾನೂನು. ಅದು 1985ರ ಎನ್‌ಡಿಪಿಎಸ್ ಕಾಯ್ದೆ. ಒಂದು ಕಿಲೋವರೆಗೆ ಇಟ್ಟುಕೊಂಡರೆ ತಪ್ಪಿಲ್ಲ ಎಂಬ ಮಾತು ಸುಳ್ಳು. ಒಂದು ಕಿಲೋ ಎಂಬುದು ಕಾಯ್ದೆ ಹೇಳುವ 'ಸಣ್ಣ ಪ್ರಮಾಣ'ದ ಮಿತಿ ಅಷ್ಟೆ. ಅದಕ್ಕೂ ಒಂದು ವರ್ಷದವರೆಗೆ ಜೈಲು, 10 ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಸೇದಿದ್ದಕ್ಕೇ ಆರು ತಿಂಗಳವರೆಗೆ ಜೈಲಾಗಬಹುದು. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ತಮಿಳುನಾಡು ಪೊಲೀಸರು 2021ರ ಡಿಸೆಂಬರ್‌ನಲ್ಲಿ 'ಗಾಂಜಾ ವೇಟೈ' ಕಾರ್ಯಾಚರಣೆಯನ್ನೇ ನಡೆಸಿದ್ದರು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ಅಥವಾ ಸೇವಿಸಿದ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ, ಅದೇ ಕಾಯ್ದೆಯ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಬಿಡುವುದು ಹೇಗೆ?

ಗಾಂಜಾ ಬಿಟ್ಟ ಮೊದಲ ವಾರ ಸಿಡುಕು ಹೆಚ್ಚುತ್ತದೆ, ನಿದ್ದೆ ಬಾರದು, ಊಟ ಸೇರದು. ಸಾಮಾನ್ಯವಾಗಿ ಎರಡು ವಾರದಲ್ಲಿ ಇದು ತಗ್ಗುತ್ತದೆ. ಬೀಡಿಗೆ ಬೆರೆಸಿ ಸೇದುತ್ತಿದ್ದವರು ಗಾಂಜಾ ಮಾತ್ರ ಬಿಟ್ಟು ಬೀಡಿ ಉಳಿಸಿಕೊಂಡರೆ, ಅದೇ ಬೆಂಕಿಪೊಟ್ಟಣ, ಅದೇ ಗೆಳೆಯರ ಗುಂಪು ಮತ್ತೆ ಹಳೆಯ ದಾರಿಗೆ ಎಳೆಯುತ್ತವೆ. ಆದ್ದರಿಂದ ಎರಡನ್ನೂ ಬಿಡುವ ಯೋಚನೆಯನ್ನು ವೈದ್ಯರ ಮುಂದೆ ಇಡುವುದು ಒಳ್ಳೆಯದು. ಗಾಂಜಾ ಸೇದುತ್ತೇನೆ ಎಂದು ಹೇಳಲು ನಾಚಿಕೊಂಡು ಬೀಡಿಯನ್ನಷ್ಟೇ ಹೇಳಿದರೆ ಚಿಕಿತ್ಸೆಯೂ ಅರ್ಧವೇ.

ತಂಬಾಕು ಬಿಡಲು 1800-11-2356, ಮಾದಕ ವ್ಯಸನಕ್ಕೆ 14446 ಉಚಿತ ಸಹಾಯವಾಣಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಲ್ಲಿ ಮಗ ಬೀಡಿ ಸೇದುವುದಿಲ್ಲ ಎಂದು ನಿಶ್ಚಿಂತೆಯಿಂದ ಇರುವ ಹೆತ್ತವರು ಒಮ್ಮೆ ಗಾಂಜಾ ಬಗ್ಗೆಯೂ ಬೈಯದೆ ಕೇಳಿ ನೋಡಲಿ.