ವಿಳಂಬ ಜನನ ಪತ್ರ: ವಂಶಾವಳಿ ಹುಡುಕುವವರು ಗಮನಿಸಬೇಕಾದುದು ಏನು?

ಉಡುಪಿ: ಎಪ್ಪತ್ತು ದಾಟಿದ ಹಿರಿಯರ ಜನನ ಪ್ರಮಾಣಪತ್ರ ಕೈಗೆ ಬಂದಾಗ ಹುಟ್ಟಿದ ದಿನಾಂಕದ ಜತೆಗೆ ನೋಂದಣಿ ದಿನಾಂಕವನ್ನೂ ನೋಡಬೇಕು. ಜನನ 1952ರಲ್ಲಿ, ನೋಂದಣಿ 2004ರಲ್ಲಿ ಎಂದಿದ್ದರೆ ಆ ಪತ್ರಕ್ಕೆ ಆಧಾರವಾಗಿರುವುದು ಅರ್ಧ ಶತಮಾನದ ಬಳಿಕ ಯಾರೋ ನೆನಪಿಸಿಕೊಂಡು ಹೇಳಿದ ಮಾತು. ಪಾಸ್‌ಪೋರ್ಟ್, ವೀಸಾ, ಆಸ್ತಿ ಪಾಲು ಮೊದಲಾದ ಅಗತ್ಯಗಳಿಗಾಗಿ ಮಾಡಿಸಿದ ಇಂತಹ ಪತ್ರಗಳು ಕರಾವಳಿಯ ಅನೇಕ ಮನೆಗಳಲ್ಲಿವೆ. ಮುಂಬೈ, ಗಲ್ಫ್, ಕೆನಡಾಗಳಲ್ಲಿ ನೆಲೆಸಿದ ಮಕ್ಕಳು ಈಗ ಅವನ್ನೇ ಮುಂದಿಟ್ಟುಕೊಂಡು ಕುಟುಂಬದ ಮೂಲ ಹುಡುಕಲು ಹೊರಡುತ್ತಾರೆ.

ಜನನ ಮತ್ತು ಮರಣ ನೋಂದಣಿ ಕಾಯ್ದೆ ರೂಪುಗೊಂಡದ್ದು 1969ರಲ್ಲಿ. ಕರ್ನಾಟಕದಲ್ಲಿ ಅದು ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. 21 ದಿನಗಳೊಳಗೆ ವರದಿ ಮಾಡಬೇಕೆಂಬುದು ನಿಯಮ. 30 ದಿನಗಳವರೆಗೆ ವಿಳಂಬ ಶುಲ್ಕ ಸಾಕು, ಒಂದು ವರ್ಷದೊಳಗಾದರೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಮೀರಿದ ಪ್ರಕರಣಗಳಲ್ಲಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಅಗತ್ಯವಾಗಿತ್ತು. 2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವರ್ಗವಾಗಿದೆ. ಆದುದರಿಂದ ಹಳೆಯ ವಿಳಂಬ ಪತ್ರಗಳ ಹಿಂದೆ ಸಾಮಾನ್ಯವಾಗಿ ಒಂದು ನ್ಯಾಯಾಲಯದ ಕಡತವಿರುತ್ತದೆ.

ವಂಶಾವಳಿ ಹುಡುಕುವವರಿಗೆ ಪತ್ರಕ್ಕಿಂತ ಆ ಕಡತವೇ ದೊಡ್ಡ ಸಂಪತ್ತು. ಹುಟ್ಟಿದ ಮನೆಯ ಹೆಸರು, ತಂದೆ ತಾಯಿಯ ವಿವರ, ಶಾಲಾ ದಾಖಲೆ, ಹಿರಿಯರ ಪ್ರಮಾಣಪತ್ರ, ನೋಂದಣಿಯಾಗಿಲ್ಲ ಎಂದು ಕಚೇರಿ ಕೊಟ್ಟ ಹಿಂಬರಹ ಇವೆಲ್ಲ ಅರ್ಜಿಯ ಜತೆಗಿರಬಹುದು. ಪತ್ರದಲ್ಲಿ ಇವುಗಳಲ್ಲಿ ಎರಡೋ ಮೂರೋ ಸಂಗತಿ ಮಾತ್ರ ಉಳಿಯುತ್ತವೆ. ಆದರೆ ನ್ಯಾಯಾಲಯದ ಕಡತಗಳನ್ನು ನಿಗದಿತ ಅವಧಿಯ ಬಳಿಕ ನಾಶಗೊಳಿಸಲು ಅವಕಾಶವಿದೆ. ಪ್ರಕರಣದ ಸಂಖ್ಯೆ ಗೊತ್ತಿದ್ದವರು ಪ್ರಮಾಣೀಕೃತ ನಕಲಿಗೆ ಬೇಗ ಅರ್ಜಿ ಹಾಕುವುದು ಲೇಸು.

ಯಾವ ಊರಿನಲ್ಲಿ ಹುಡುಕಬೇಕು?

ಹುಡುಕಾಟ ಎಡವುವುದು ಹೆಚ್ಚಾಗಿ ಇಲ್ಲಿಯೇ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ವಾಡಿಕೆ ಎಲ್ಲೆಡೆ ಇದೆ. ಅಳಿಯಸಂತಾನ ಪದ್ಧತಿಯ ತುಳುನಾಡಿನ ಕುಟುಂಬಗಳಲ್ಲಿ ತಾಯಿಯ ಮನೆಯೇ ಕುಟುಂಬದ ಮನೆ. ತಂದೆ ಕಾಪುವಿನವರಾಗಿ ತಾಯಿ ಕಾರ್ಕಳದ ಕಡೆಯವರಾಗಿದ್ದರೆ ಮಗುವಿನ ದಾಖಲೆ ಕಾರ್ಕಳದ ಗ್ರಾಮವೊಂದರ ಪುಸ್ತಕದಲ್ಲಿರುವ ಸಾಧ್ಯತೆಯೇ ಹೆಚ್ಚು. ಕಾಪುವಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಹಿಂಬರಹ ಪಡೆದು, ಹೊಸ ಆದೇಶ ಮಾಡಿಸಿಕೊಂಡರೆ ಒಬ್ಬರಿಗೇ ಎರಡು ದಾಖಲೆಗಳಾಗುತ್ತವೆ. ದಿನಾಂಕಗಳು ತಾಳೆಯಾಗದಿದ್ದರೆ ಮುಂದೆ ಆಸ್ತಿ ವ್ಯಾಜ್ಯದಲ್ಲಿಯೂ ವೀಸಾ ಸಂದರ್ಶನದಲ್ಲಿಯೂ ಪೇಚಾಟ ತಪ್ಪಿದ್ದಲ್ಲ.

ಆಡಳಿತದ ಗಡಿಗಳೂ ಬದಲಾಗಿವೆ. ಕಾಪು ಪ್ರತ್ಯೇಕ ತಾಲೂಕಾದದ್ದು ಇತ್ತೀಚೆಗೆ. ಹಳೆಯ ದಾಖಲೆಗಳಲ್ಲಿ ಅದು ಉಡುಪಿ ತಾಲೂಕು. ಉಡುಪಿ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲಿನದೆಲ್ಲ ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಹಿಂದೆ ಸರಿದರೆ ಜಿಲ್ಲೆ ಮದರಾಸಿಗೆ ಸೇರಿತ್ತು, ಅಲ್ಲಿ 1899ರದೇ ಬೇರೆ ನೋಂದಣಿ ಕಾನೂನಿತ್ತು. ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ನಡೆದ ಹೆರಿಗೆಗಳಲ್ಲಿ ಎಷ್ಟೋ ಯಾವ ಪುಸ್ತಕವನ್ನೂ ಸೇರಲಿಲ್ಲ.

ಆಸ್ಪತ್ರೆಯ ಹೆರಿಗೆಗಳ ವರದಿ ಆಸ್ಪತ್ರೆಯದೇ ಹೊಣೆ. ನೋಂದಣಿ ನಡೆಯುವುದು ಹೆರಿಗೆಯಾದ ಸ್ಥಳದಲ್ಲಿ. ಉಡುಪಿಯಲ್ಲಿ ಈವಾ ಲೊಂಬಾರ್ಡ್ ಅವರ ಮಿಷನ್ ಆಸ್ಪತ್ರೆ 1923ರಲ್ಲಿ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ 1961ರಲ್ಲಿ ಆರಂಭವಾದವು. ಕಾರ್ಕಳದ ದಂಪತಿಯ ಮಗು ಮಣಿಪಾಲದಲ್ಲಿ ಹುಟ್ಟಿದ್ದರೆ ಕಾರ್ಕಳದ ಪುಸ್ತಕ ತಡಕಾಡಿ ಪ್ರಯೋಜನವಿಲ್ಲ.

ಇನ್ನೊಂದು ತೊಡಕು ಹೆಸರಿನದು. ನಾಮಕರಣಕ್ಕೆ ಮೊದಲೇ ಜನನ ಬರೆಸುವುದರಿಂದ ಹಳೆಯ ಪುಸ್ತಕಗಳಲ್ಲಿ ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ಇರುವುದುಂಟು. ಮಗುವಿನ ಹೆಸರು ಹಿಡಿದು ಹುಡುಕಿದರೆ ಇಂತಹವು ಸಿಗಲಾರವು. ತಂದೆ ತಾಯಿಯ ಹೆಸರು ಕೊಟ್ಟು, ಅಂದಾಜು ದಿನಾಂಕದ ಹಿಂದು ಮುಂದಿನ ಎರಡು ಮೂರು ವರ್ಷಗಳನ್ನು ನೋಡಲು ಕೋರಬೇಕು.

ಶಾಲೆಯ ದಿನಾಂಕ, ಜಾತಕದ ದಿನಾಂಕ

ವಿಳಂಬ ಪತ್ರದ ದಿನಾಂಕ ಬಹುತೇಕ ಶಾಲಾ ದಾಖಲೆಯಿಂದ ಬಂದದ್ದು. ಒಂದನೆಯ ತರಗತಿಗೆ ಸೇರಿಸುವಾಗ ವಯಸ್ಸು ಕೂಡಿಬರಲೆಂದು ಮುಖ್ಯೋಪಾಧ್ಯಾಯರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದು ನಾಡಿಗೇ ಗೊತ್ತಿರುವ ಸಂಗತಿ. ಒಂದೇ ಮನೆಯ ನಾಲ್ವರು ಜೂನ್ 1ರಂದೇ ಹುಟ್ಟಿದ್ದರೆ ಅನುಮಾನಿಸದೆ ವಿಧಿಯಿಲ್ಲ.

ಇಂತಹ ಕಡೆ ಜಾತಕ ನೆರವಾಗುತ್ತದೆ. ಸಂವತ್ಸರ, ಸೌರಮಾಸ, ವಾರ, ನಕ್ಷತ್ರ ನಮೂದಾಗಿದ್ದರೆ ಹಳೆಯ ಪಂಚಾಂಗ ನೋಡಿ ದಿನಾಂಕ ತೆಗೆಯಬಹುದು. ‘ನಂದನ ಸಂವತ್ಸರದ ಆಟಿ’ ಎಂದರೆ 1952ರ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆದರೆ ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ನಂದನ 1892ರಲ್ಲಿಯೂ ಇತ್ತು. ಅಜ್ಜನದೋ ಮೊಮ್ಮಗನದೋ ಎಂಬುದನ್ನು ಬೇರೆ ಆಧಾರದಿಂದ ನಿರ್ಧರಿಸಬೇಕಾಗುತ್ತದೆ.

ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕವಿದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಬರೆದ ಆ ದಾಖಲೆ, ಐವತ್ತು ವರ್ಷ ತಡವಾದ ಸರಕಾರಿ ಪತ್ರಕ್ಕಿಂತ ಇತಿಹಾಸದ ದೃಷ್ಟಿಯಿಂದ ಗಟ್ಟಿ. ದೇವಮಾತಾಪಿತರ ಹೆಸರೂ ಅದರಲ್ಲಿರುವುದರಿಂದ ಬಂಧುಬಳಗದ ಜಾಡು ಸಿಗುತ್ತದೆ.

ಹಾಗೆಂದು ವಿಳಂಬ ಪತ್ರವನ್ನು ಬದಿಗೊತ್ತುವಂತಿಲ್ಲ. ದಿನಾಂಕ ಮರೆತವರೂ ಸಂಬಂಧ ಮರೆಯುವುದಿಲ್ಲ. ತಂದೆ ತಾಯಿ ಯಾರು, ಮನೆ ಯಾವುದು ಎಂಬ ವಿಷಯದಲ್ಲಿ ಅದು ಸಾಮಾನ್ಯವಾಗಿ ನಂಬಿಕೆಗೆ ಅರ್ಹ. ಎಚ್ಚರ ಬೇಕಾದುದು ಹೆಸರಿನ ರೂಪದಲ್ಲಿ. ಊರಿನಲ್ಲಿ ಅಕ್ಕು ಎನಿಸಿಕೊಂಡಿದ್ದ ತಾಯಿ ಪಾಸ್‌ಪೋರ್ಟಿಗೆ ಹೊಂದಲೆಂದು ಪತ್ರದಲ್ಲಿ ಅಕ್ಕಮ್ಮನಾಗಿರಬಹುದು.

ನೋಂದಣಿ ಪುಸ್ತಕದಲ್ಲಿ ಹುಡುಕಿಸಿ ಜನನ ಅಥವಾ ಮರಣ ಪ್ರಮಾಣಪತ್ರ ಪಡೆಯಲು ಕಾಯ್ದೆಯ 17ನೆಯ ಕಲಂ ಯಾವುದೇ ವ್ಯಕ್ತಿಗೆ ಅವಕಾಶ ಕೊಡುತ್ತದೆ, ನಿಗದಿತ ಶುಲ್ಕ ತೆರಬೇಕು. ಮರಣ ದಾಖಲೆಯಾದರೆ ಸಾವಿನ ಕಾರಣವನ್ನು ಮಾತ್ರ ತಿಳಿಸುವುದಿಲ್ಲ. ತಪ್ಪು ತಿದ್ದುವಾಗ ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ಬರೆಯಬೇಕೆಂದು 15ನೆಯ ಕಲಂ ಹೇಳುತ್ತದೆ. ಆದ್ದರಿಂದ ಪ್ರಮಾಣಪತ್ರ ಕೇಳುವವರು ಅಂಚಿನ ಟಿಪ್ಪಣಿಯನ್ನೂ ಸೇರಿಸಿ ಕೊಡುವಂತೆ ಅರ್ಜಿಯಲ್ಲಿಯೇ ಬರೆಯಬೇಕು. ಮೊದಲು ಬರೆಸಿದ್ದ ಹೆಸರೋ ದಿನಾಂಕವೋ ತಿದ್ದುಪಡಿಯ ಪಕ್ಕದಲ್ಲಿಯೇ ಉಳಿದಿರುತ್ತದೆ.